ಮುದುಕಿ ಉಗುಳುವ ಹೊತ್ತು

ಗುವುಕೋಟ್ ಎಂಬ ಹೊಲಮನೆಯ ಹಾಲ್ಬೆರಾಳ ಅಡುಗೆಮನೆಯಲ್ಲಿ ಎರಡನೇ ಲೋಟ ಕಾಫಿ ಮುಗಿಯುವ ಮುಂಚೆ ಹಿತ್ತಲಿನ ಬಿಸಿನೀರಿನ ಬುಗ್ಗೆ ಚಿಮ್ಮಿದ್ದನ್ನು ಕಂಡವರಿಲ್ಲ. ಮುಗಿದ ಮೇಲೆ ಚಿಮ್ಮದೆ ಹೋದದ್ದನ್ನು ಕಂಡವರೂ ಇಲ್ಲ. ಆ ಬುಗ್ಗೆಗೆ ನಮ್ಮ ಕಣಿವೆಯವರು ಇಟ್ಟ ಹೆಸರು ಮುದುಕಿ. ಚಿಮ್ಮಿತು ಎನ್ನುವುದಿಲ್ಲ ನಾವು, ಮುದುಕಿ ಉಗುಳಿದಳು ಎನ್ನುತ್ತೇವೆ. ಕಾಫಿಯ ವಾಸನೆ ಬಡಿದರೆ ಮುದುಕಿ ತಡೆದುಕೊಳ್ಳುವುದಿಲ್ಲ ಎಂದು ಹಿರಿಯರು ಗಂಭೀರವಾಗಿ ಹೇಳುತ್ತಿದ್ದರು. ಕಿರಿಯರು ಅದನ್ನು ಕೇಳಿ ನಗುತ್ತಿದ್ದರು, ಆದರೆ ತಮ್ಮ ಮನೆಗೆ ನೆಂಟರು ಬಂದಾಗ ಅವರೂ ಮೊದಲು ಹಾಲ್ಬೆರಾಳ ಅಡುಗೆಮನೆಗೇ ಕರೆತಂದು, ಕಾಫಿ ಕುಡಿಸಿ, ಆಮೇಲೆ ಹಿತ್ತಲಿಗೆ ಹೊರಡಿಸುತ್ತಿದ್ದರು.

ಹೊರದೇಶದ ಪ್ರೊಫೆಸರೊಬ್ಬ ಮೂರು ಬೇಸಿಗೆ ನಮ್ಮ ಹೊಳೆಯ ದಂಡೆಯಲ್ಲಿ ಡೇರೆ ಹಾಕಿ ಕೂತು ಈ ಗುಟ್ಟನ್ನು ಭೇದಿಸಿದ. ಅತಿಥಿಗಳು ಬಂದಾಗಲೆಲ್ಲ ಮುದುಕಿ ಉಗುಳುತ್ತಾಳೆ, ಅತಿಥಿಗಳು ಬರುವುದು ಗಾಡಿಯಲ್ಲಿ, ಗಾಡಿ ಹೊಳೆಯ ಸೇತುವೆ ದಾಟಲೇಬೇಕು, ಆದ್ದರಿಂದ ಸೇತುವೆಯ ಅದುರು ನೆಲಕ್ಕಿಳಿದು ನೀರನ್ನು ಕೆರಳಿಸುತ್ತದೆ ಎಂಬುದು ಅವನ ಸಿದ್ಧಾಂತ. ಅದನ್ನು ಸಾಬೀತು ಮಾಡಲು ಒಂದು ದಿನ ತಾನೇ ಜೀಪು ಹತ್ತಿ ಸೇತುವೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನಲವತ್ತು ಸಲ ಓಡಿಸಿದ. ಕಿಟಕಿಯಿಂದ ನೋಡುತ್ತಿದ್ದ ಹಾಲ್ಬೆರಾಳಿಗೆ ಕೊನೆಗೆ ಕರುಳು ಚುರ್ ಎಂದಿತು. ರೊಟ್ಟಿಯ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋಗಿಬಂದಳು. ಅರ್ಧ ಗಂಟೆಯಲ್ಲಿ ಮುದುಕಿ ಐದಾಳೆತ್ತರ ಉಗುಳಿದಳು. ಪ್ರೊಫೆಸರ್ ಜೀಪಿನ ಮೂತಿಯನ್ನು ತಬ್ಬಿಕೊಂಡು ಅತ್ತ. ಅವನ ಪುಸ್ತಕದಲ್ಲಿ ನಮ್ಮ ಸೇತುವೆಯ ಚಿತ್ರ ಇಡೀ ಒಂದು ಪುಟ ತುಂಬಿಕೊಂಡಿದೆ.

ನಿಜ ಹೇಳಬೇಕೆಂದರೆ ಮುದುಕಿ ತಾನಾಗಿ ಉಗುಳುವುದನ್ನು ಬಿಟ್ಟು ಅರವತ್ತು ವರ್ಷವಾಗಿತ್ತು. ಹಾಲ್ಬೆರಾಳಿಗೆ ಹನ್ನೊಂದು ತುಂಬಿದ ವಸಂತದಲ್ಲಿ ನೆಲ ನಡುಗಿತು. ಕಪಾಟಿನಿಂದ ಮೂರು ತಟ್ಟೆ ಬಿದ್ದು ಒಡೆದದ್ದು ಬಿಟ್ಟರೆ ಮನೆಗೆ ಬೇರೇನೂ ಆಗಲಿಲ್ಲ. ಆದರೆ ಅಲ್ಲಿಯವರೆಗೆ ದಿನಕ್ಕೆ ಎರಡು ಮೂರು ಸಲ ಉಗುಳುತ್ತಿದ್ದ ಮುದುಕಿ ಬಾಯಿ ಮುಚ್ಚಿಬಿಟ್ಟಳು. ಅಪ್ಪ ಎಯ್ಯೋಲ್ಫುರ್ ಒಂದು ತಿಂಗಳು ದಿನಾ ಬುಗ್ಗೆಯ ಅಂಚಿನಲ್ಲಿ ಕೂತು ಕಾದ. ಅವನಿಗೆ ಆತುರವಿತ್ತು. ಬೇಸಿಗೆಗೆ ಬಿಷಪ್ಪರು ಬರುವವರಿದ್ದರು, ಬಂದವರಿಗೆ ಮುದುಕಿಯನ್ನು ತೋರಿಸುತ್ತೇನೆಂದು ಇವನು ಕಾಗದ ಬರೆದಾಗಿತ್ತು.

ಅಮ್ಮನಿಗೆ ಬಿಷಪ್ಪನ ಚಿಂತೆ ಇರಲಿಲ್ಲ, ಬಟ್ಟೆಯ ಚಿಂತೆ ಇತ್ತು. ನಮ್ಮಲ್ಲಿ ಆಗ ಹೆಂಗಸರು ಬಟ್ಟೆ ಒಗೆಯುತ್ತಿದ್ದದ್ದು ಬಿಸಿನೀರಿನ ಬುಗ್ಗೆಗಳಲ್ಲೇ. ಒಂದು ಬೆಳಿಗ್ಗೆ ಅವಳ ಕೈಯಿಂದ ಹಸಿರು ಸೋಪಿನ ಡಬ್ಬಿ ಜಾರಿ, ಇದ್ದಷ್ಟೂ ಸೋಪು ಬುಗ್ಗೆಯ ಗಂಟಲಿಗಿಳಿಯಿತು. ಅವಳು ಬೈದುಕೊಳ್ಳುತ್ತ ಹಿಂಡುವ ಬಟ್ಟೆ ಹಿಂಡಿ ಮುಗಿಸುವಷ್ಟರಲ್ಲಿ ಮುದುಕಿ ಗೊರಗೊರ ಎಂದಳು, ಮರುಕ್ಷಣ ನೊರೆ, ಹಬೆ, ಕುದಿನೀರು ಎಲ್ಲ ಒಟ್ಟಿಗೆ ಮೇಲಕ್ಕೆ ಹಾರಿ, ಅಪ್ಪನ ಉಣ್ಣೆಯ ಉದ್ದ ಚಡ್ಡಿ ಕುರಿಹಟ್ಟಿಯ ಸೂರಿನ ಮೇಲೆ ಹೋಗಿ ಬಿತ್ತು. ಅಪ್ಪ ಓಡಿಬಂದ. ಸೂರಿನ ಮೇಲಿನ ಚಡ್ಡಿ ನೋಡಿದ, ನೆಲದ ಮೇಲಿನ ಖಾಲಿ ಡಬ್ಬಿ ನೋಡಿದ, ಮಗಳ ಭುಜ ಹಿಡಿದು ಪಕ್ಕಕ್ಕೆ ಕರೆದ.

"ಯಾರಿಗೂ ಬಾಯಿ ಬಿಡಬೇಡ ಮಗಳೇ. ಈ ಕಣಿವೆಯ ಮಾನ ಇದು. ಇನ್ಮೇಲೆ ಇದು ನಿನ್ನ ಕೆಲಸ. ಚಳಿಗಾಲದಲ್ಲೂ ವಾರಕ್ಕೊಂದು ಸಲ ಸೋಪು ಕೊಡ್ತಾ ಇರು, ಇಲ್ಲಾಂದ್ರೆ ಗಂಟಲು ಪೂರ್ತಿ ಕಟ್ಟಿ ಸತ್ತೇ ಹೋಗ್ತಾಳೆ."

ಬಿಷಪ್ಪರು ಬಂದರು, ಎರಡು ಲೋಟ ಕಾಫಿ ಕುಡಿದರು, ಮುದುಕಿಯನ್ನು ನೋಡಿದರು, ಟೋಪಿ ತೆಗೆದರು. ಮುಂದಿನ ಭಾನುವಾರ ನಮ್ಮ ಪುಟ್ಟ ಚರ್ಚಿನಲ್ಲಿ ಸೃಷ್ಟಿಕರ್ತನ ಅಗಾಧ ಲೀಲೆಯ ಬಗ್ಗೆ ಒಂದು ಗಂಟೆ ಉಪದೇಶ ಮಾಡಿದರು. ಹನ್ನೊಂದು ವರ್ಷದ ಹಾಲ್ಬೆರಾ ಮುಂದಿನ ಸಾಲಿನಲ್ಲಿ ಕೂತು ತನ್ನ ಉಗುರಿನ ಸಂದಿಯ ಹಸಿರನ್ನು ಮುಚ್ಚಿಕೊಂಡಿದ್ದಳು. ಅಪ್ಪ ಮತ್ತು ಬಿಷಪ್ಪ ಕೈಕುಲುಕುವ, ಹಿಂದೆ ಹಬೆ ಏಳುವ ಒಂದು ಫೋಟೋ ಇವತ್ತಿಗೂ ಅವಳ ಅಡುಗೆಮನೆಯ ಗೋಡೆಯ ಮೇಲಿದೆ.

ಸೋಪು ಹೊತ್ತು ಹೋಗುವುದಕ್ಕೆ ನೆಪ ಕಷ್ಟವಾಗಲಿಲ್ಲ. ಬುಗ್ಗೆಯಿಂದ ಹತ್ತು ಹೆಜ್ಜೆ ಆಚೆ ನೆಲವೇ ಒಲೆ. ಅಲ್ಲಿ ಅಜ್ಜಿಯ ಕಾಲದ ಗುಂಡಿಯೊಂದಿದೆ, ಅದಕ್ಕೆ ಅಜ್ಜಿಯೇ ಹೊಳೆಯಿಂದ ಹೊತ್ತು ತಂದ ಚಪ್ಪಟೆ ಕಲ್ಲಿನ ಮುಚ್ಚಳ. ರೈ ಧಾನ್ಯದ ಹಿಟ್ಟು, ಪಾಕ, ಹಾಲು ಕಲಸಿ ಡಬ್ಬಿಗೆ ತುಂಬಿ, ಗುಂಡಿಯಲ್ಲಿಟ್ಟು, ಮಣ್ಣೆಳೆದು ಕಲ್ಲು ಮುಚ್ಚಿದರೆ ಮಾರನೆಯ ದಿನ ಅದೇ ಹೊತ್ತಿಗೆ ಕಪ್ಪು ರೊಟ್ಟಿ ಸಿದ್ಧ. ದಪ್ಪಗೆ ಕೊಯ್ದು, ಬೆಣ್ಣೆ ಬಳಿದು, ಮೇಲೆ ಹೊಗೆಯಾಡಿಸಿದ ಕುರಿಮಾಂಸದ ಒಂದು ತೆಳು ಚೂರು ಇಟ್ಟುಕೊಂಡರೆ ಜಗಳವಾಡುವವರೂ ಸುಮ್ಮನಾಗುತ್ತಾರೆ. ನೆಲ ಬಿಸಿಯಿರುವ ಜಾಗ ನಮ್ಮ ದ್ವೀಪದಲ್ಲಿ ಬೇಕಾದಷ್ಟಿವೆ. ಆದರೆ ಈ ಗುಂಡಿಯ ಬಿಸಿಯೇ ಬೇರೆ, ಎಷ್ಟು ಆಳ ಇಡಬೇಕು, ಯಾವ ಗಾಳಿಗೆ ಎಷ್ಟು ಮಣ್ಣು ಎಳೆಯಬೇಕು ಎಂಬುದು ಆ ಮನೆಯ ಹೆಂಗಸರ ಕೈಗೆ ಮಾತ್ರ ಗೊತ್ತಿತ್ತು, ಈಗ ಹಾಲ್ಬೆರಾಳ ಕೈಗೆ ಮಾತ್ರ. ಕಣಿವೆಯಲ್ಲಿ ಯಾರ ಮದುವೆಯಾದರೂ ಯಾರ ಮಣ್ಣಾದರೂ ಮೇಜಿನ ಮೇಲೆ ಅವಳ ಕಪ್ಪು ರೊಟ್ಟಿ ಇರಲೇಬೇಕು. ಎರಡು ಡಬ್ಬಿ ಹಿಡಿದು ಹೋಗುತ್ತಿದ್ದಳು, ಒಂದರಲ್ಲಿ ಹಿಟ್ಟು, ಇನ್ನೊಂದರಲ್ಲಿ ಸೋಪು. ದೂರದ ರಸ್ತೆಯಲ್ಲಿ ಗಾಡಿಯ ಧೂಳು ಕಂಡರೆ ಸೋಪಿನ ಡಬ್ಬಿ ಒಂದೇ.

ಅವಳು ಮದುವೆಯಾಗಲಿಲ್ಲ. ಕೇಳಿಕೊಂಡು ಬಂದವನಿರಲಿಲ್ಲ ಎಂದಲ್ಲ. ಕಡಲ ಕಡೆಯ ಮೀನುಗಾರನೊಬ್ಬ ಎರಡು ಚಳಿಗಾಲ ಅವಳ ಹಿಂದೆ ಬಿದ್ದಿದ್ದ, ಅವಳಿಗೂ ಅವನನ್ನು ಕಂಡರೆ ಮನಸ್ಸಿತ್ತು. ಊರಿನಲ್ಲಿ ಅಂಗಡಿಯಲ್ಲೇ ರೊಟ್ಟಿ ಸಿಗುತ್ತದೆ, ಇನ್ನು ಮಣ್ಣು ಕೆದಕುವ ಕಷ್ಟ ನಿನಗಿಲ್ಲ ಎಂದು ಅವನು ಪ್ರೀತಿಯಿಂದಲೇ ಹೇಳಿದ. ಮದುವೆ ಮುರಿದದ್ದು ಆ ಮಾತಿಗೆ. ಆಮೇಲೆ ನೂರ ನಲವತ್ತು ಕುರಿ, ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಅವನ್ನು ಇಳಿಸಿ ಕಿವಿಯ ಗುರುತು ನೋಡಿ ಬೇರ್ಪಡಿಸುವ ಗದ್ದಲ, ಮೊಣಕಾಲು ನೋವು, ಚರ್ಚಿನ ಹಾಡುಗಾರರ ಗುಂಪಿನಲ್ಲಿ ಹಿಂದಿನ ಸಾಲು, ಹೀಗೆ ಎಪ್ಪತ್ತೊಂದು ತುಂಬಿತು.

ಗುಟ್ಟಿನ ವಾಸನೆ ಹಿಡಿದವಳು ಒಬ್ಬಳೇ, ಪಕ್ಕದ ಹೊಲದ ಓದ್ನಿ. ಅವಳ ಹೊಲದಲ್ಲಿ ಜಲಪಾತವಿದೆ. ನಮ್ಮಲ್ಲಿ ಜಲಪಾತವೆಂದರೆ ಕುರಿಹಿಕ್ಕೆಯ ಹಾಗೆ, ಯಾರ ಹೊಲದಲ್ಲಿ ಕಾಲಿಟ್ಟರೂ ಒಂದು ಸಿಗುತ್ತದೆ. ಆದರೂ ಓದ್ನಿ ತನ್ನದರ ಬಗ್ಗೆ ತಾನೇ ನೀರು ಹೊತ್ತು ಸುರಿಯುವವಳ ಹಾಗೆ ಮಾತಾಡುತ್ತಿದ್ದಳು. ಒಂದು ದಿನ ಸಹಕಾರಿ ಅಂಗಡಿಯಲ್ಲಿ ಹಾಲ್ಬೆರಾ ಸೋಪಿನ ಬಕೆಟ್ಟು ಎತ್ತಿಕೊಳ್ಳುವಾಗ ಅವಳು ಹಿಂದಿನಿಂದ ಕೇಳಿದಳು:

"ಅಲ್ವೇ ಹಾಲ್ಬೆರಾ, ಇಷ್ಟು ವರ್ಷದಿಂದ ನೋಡ್ತಿದೀನಿ, ಇಡೀ ಕಣಿವೆಗೆ ಆಗೋಷ್ಟು ಸೋಪು ನೀನೊಬ್ಳೇ ಒಯ್ತೀಯ. ನಿನ್ನ ಕಿಟಕಿ ಪರದೆ ನೋಡಿದ್ರೆ ಮಾತ್ರ ಅದು ಸೋಪಿನ ಮುಖ ಕಂಡ ಹಾಗಿಲ್ಲ."

"ನಿನ್ನ ಕಣ್ಣು ಪರದೆ ಮೇಲೇ ಯಾಕೆ ಹೋಗುತ್ತೆ? ನಿನ್ನ ಜಲಪಾತ ನೋಡ್ಕೊ, ಸೋರಿಹೋದೀತು."

"ಸರಿ ಬಿಡೇ, ನಾನೇನು ಕೇಳಿದೆ?" ಎಂದಳು ಓದ್ನಿ. ಮತ್ತೆ ಕೇಳಲಿಲ್ಲ.

ಇಷ್ಟು ಸುಸೂತ್ರವಾಗಿದ್ದ ವ್ಯವಹಾರಕ್ಕೆ ಕಲ್ಲು ಹಾಕಿದವನು ಸ್ತುರ್ಲಾ, ಹಾಲ್ಬೆರಾಳ ತಂಗಿಯ ಮಗ. ನೆಲ ನಡುಗಿದ ವರ್ಷ ಅವನ ತಾಯಿ ತೊಟ್ಟಿಲಲ್ಲಿದ್ದಳು, ಹಾಗಾಗಿ ಗುಟ್ಟು ಆ ಕವಲಿಗೆ ಇಳಿದಿರಲಿಲ್ಲ. ಅವನು ಪಂಚಾಯಿತಿಯ ಅಧ್ಯಕ್ಷನಾದ ಮೇಲೆ ಮಾತಾಡುವ ರೀತಿಯೇ ಬದಲಾಯಿತು. ಹೊಳೆಯನ್ನು ಜಲಸಂಪತ್ತು ಎಂದ, ಗಾಳಿಯನ್ನು ಅನುಭವ ಎಂದ. ಅವನ ಕನಸು ಒಂದೇ: ನಾಲ್ಕು ಮೂಲೆಗೂ ಕುಣಿಕೆ ಹಾಕಿದ ಚೌಕದ ಗುರುತಿರುವ ರಸ್ತೆ ಫಲಕ. ನೋಡಲೇಬೇಕಾದ ಜಾಗ ಎಂದು ಸಾರುವ ಆ ಗುರುತು ಇದ್ದಲ್ಲಿ ಪ್ರವಾಸಿಗಳು ಕಣ್ಣು ಮುಚ್ಚಿಕೊಂಡು ಗಾಡಿ ತಿರುಗಿಸುತ್ತಾರೆ. ಪಕ್ಕದ ಕಣಿವೆಗೆ ಅಂಥ ನಾಲ್ಕು ಫಲಕಗಳಿವೆ, ಅದರಲ್ಲೊಂದು ಬರೀ ಒಂದು ಬಂಡೆಗೆ, ಅದು ಮೂಗಿನ ಹಾಗಿದೆಯಂತೆ. ನಮ್ಮ ಕಣಿವೆಗೆ ಒಂದೂ ಇರಲಿಲ್ಲ.

ಏಪ್ರಿಲಿನ ಒಂದು ಮಧ್ಯಾಹ್ನ ಅವನು ಹಾಲ್ಬೆರಾಳ ಅಡುಗೆಮನೆಯಲ್ಲಿ ಕೂತು, ಬಾಯಲ್ಲಿ ಸಕ್ಕರೆ ಉಂಡೆ ಇಟ್ಟುಕೊಂಡು ಅದರ ಮೇಲೆ ಕಾಫಿ ಹೀರುತ್ತ ಸುದ್ದಿ ಹೇಳಿದ.

"ಆಯ್ತು ದೊಡ್ಡಮ್ಮ! ಫಲಕ ಮಂಜೂರಾಯ್ತು! ಮುದುಕಿ ಇನ್ಮೇಲೆ ಸಂರಕ್ಷಿತ ನಿಸರ್ಗ ವಿಸ್ಮಯ. ಜೂನ್ ತಿಂಗಳಲ್ಲಿ ಮಂತ್ರಿನೇ ಬಂದು ಉದ್ಘಾಟನೆ ಮಾಡ್ತಾಳೆ. ಸುತ್ತ ಬೇಲಿ, ಮರದ ಹಾಸಿನ ದಾರಿ, ಬೀಗ ಹಾಕೋ ಗೇಟು."

"ಬೇಲಿ ಎಲ್ಲಿಂದ ಎಲ್ಲಿಗೆ?"

"ಬಿಸಿ ನೆಲ ಪೂರ್ತಿ ಒಳಗೆ. ಒಳಗೆ ಯಾರೂ ಕಾಲಿಡೋ ಹಾಗಿಲ್ಲ, ಅಗೆಯೋ ಹಾಗಿಲ್ಲ, ಏನೂ ಹಾಕೋ ಹಾಗಿಲ್ಲ."

"ನನ್ನ ರೊಟ್ಟಿ ಗುಂಡಿ?"

ಸ್ತುರ್ಲಾ ಲೋಟ ಕೆಳಗಿಟ್ಟ. "ದೊಡ್ಡಮ್ಮ, ಇದು ಇಡೀ ಕಣಿವೆ ಭವಿಷ್ಯದ ಪ್ರಶ್ನೆ. ನೀನು ರೊಟ್ಟಿ ಅಂತೀಯಲ್ಲ. ಒಲೆ ಇಲ್ವಾ ಮನೇಲಿ?"

"ಸ್ತುರ್ಲಾ, ಬೇಲಿ ಹಾಕಿದ್ರೆ ಮುದುಕಿ ಉಗುಳಲ್ಲ ಕಣೋ."

"ಯಾಕೆ? ಮುನಿಸಿಕೊಳ್ತಾಳಾ?" ಅವನು ನಕ್ಕ. "ನಿನಗೆ ರೊಟ್ಟಿ ಚಿಂತೆ, ಅದಕ್ಕೆ ಹೀಗೆ ಹೆದರಿಸ್ತಿದೀಯ."

"ರೊಟ್ಟಿ ಚಿಂತೆನೇ. ಸುಳ್ಳು ಯಾಕೆ ಹೇಳಲಿ? ಆದ್ರೆ ಇನ್ನೊಂದೂ ಇದೆ."

"ಏನದು?"

ಅವಳು ಗೋಡೆಯ ಮೇಲಿನ ಫೋಟೋ ನೋಡಿದಳು. ಅಪ್ಪ ಬಿಷಪ್ಪನ ಕೈ ಬಿಟ್ಟಿರಲಿಲ್ಲ. ಒಂದು ಮಾತು ಹೇಳಿದರೆ ಗುಂಡಿ ಉಳಿಯುತ್ತಿತ್ತು, ಅಪ್ಪ ಮೋಸಗಾರನಾಗುತ್ತಿದ್ದ, ಕಣಿವೆ ಇಡೀ ದ್ವೀಪದ ನಗೆಪಾಟಲಾಗುತ್ತಿತ್ತು. ಅವಳು ಕಾಫಿಯ ಪಾತ್ರೆಗೆ ಕೈ ಹಾಕಿದಳು.

"ಏನಿಲ್ಲ. ಇನ್ನೊಂದು ಲೋಟ ಕುಡಿ," ಎಂದಳು.

ಮೇ ತಿಂಗಳ ಕೊನೆಯಲ್ಲಿ ಬೇಲಿಯವರು ಬಂದರು. ಹಾಲ್ಬೆರಾ ಕಾಯಿಲೆ ಬಿದ್ದ ಕುರಿಯೊಂದನ್ನು ನೋಡಲು ಬೆಟ್ಟದ ಕಡೆ ಹೋಗಿ ಮರಳುವಷ್ಟರಲ್ಲಿ ಕಂಬ ನೆಟ್ಟು, ತಂತಿ ಎಳೆದು, ಬೀಗ ಜಡಿದಾಗಿತ್ತು. ಬೀಗದ ಕೈ ಸ್ತುರ್ಲಾನ ಜೇಬಿಗೆ ಸೇರಿತ್ತು. ಬೇಲಿಯ ಮೇಲೆ ದೊಡ್ಡ ಅಕ್ಷರಗಳ ಫಲಕ: ಇದು ಮನುಷ್ಯನ ಕೈ ಸೋಕದ ಪ್ರಕೃತಿ. ಮನುಷ್ಯನ ಕೈ ಹಿಂದಿನ ದಿನ ಇಟ್ಟ ರೊಟ್ಟಿಯ ಡಬ್ಬಿ ಇನ್ನೂ ಗುಂಡಿಯೊಳಗೇ ಇತ್ತು. ಅವಳು ತಂತಿ ಹಿಡಿದು ನಿಂತು ಅಜ್ಜಿಯ ಕಲ್ಲನ್ನು ನೋಡಿದಳು. ಹತ್ತು ಹೆಜ್ಜೆ ದೂರ. ಎಪ್ಪತ್ತೊಂದರ ಮೊಣಕಾಲಿಗೆ ಎದೆಯೆತ್ತರದ ಬೇಲಿ ಹತ್ತುವ ಶಕ್ತಿ ಇರಲಿಲ್ಲ. ಸ್ವಂತ ಹಿತ್ತಲಿನಲ್ಲಿ ಕಳ್ಳಿಯ ಹಾಗೆ ನಿಂತ ಅವಮಾನಕ್ಕೆ ಅವಳ ಕಣ್ಣು ತುಂಬಿತು.

ಮರುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮುದುಕ ಬೆರ್ಗ್‌ಸ್ವೆಯಿನ್ ತೀರಿಕೊಂಡ. ಮಣ್ಣು ಮುಗಿಸಿ ಎಲ್ಲರೂ ಕಾಫಿಗೆ ಕೂತರೆ ಮೇಜಿನ ಮೇಲೆ ಅಂಗಡಿಯ ಬಿಳಿ ರೊಟ್ಟಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದು. ಅವನ ಹೆಂಡತಿ ಒಂದು ಚೂರು ಎತ್ತಿಕೊಂಡು, ಒತ್ತಿ ನೋಡಿ, ಮತ್ತೆ ತಟ್ಟೆಯಲ್ಲಿಟ್ಟಳು. ಹಾಲ್ಬೆರಾ ತನ್ನ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೇ ಕೂತಿದ್ದಳು.

ಉದ್ಘಾಟನೆಯ ದಿನ ಅಡ್ಡಡ್ಡ ಗಾಳಿ, ಅದರ ಜೊತೆ ತುಂತುರು. ಮಂತ್ರಿ ಸೂಟಿನ ಕೆಳಗೆ ರಬ್ಬರ್ ಬೂಟು ಹಾಕಿಕೊಂಡು ಬಂದಳು. ಕಾಫಿ ಈ ಸಲ ಹಾಲ್ಬೆರಾಳ ಅಡುಗೆಮನೆಯಲ್ಲಲ್ಲ, ಬಾಡಿಗೆಯ ಡೇರೆಯಲ್ಲಿ. ಎರಡನೇ ಲೋಟ ಮುಗಿಯಿತು. ಎಲ್ಲರೂ ಬೇಲಿಯ ಸುತ್ತ ಸಾಲಾಗಿ ನಿಂತರು. ಮುದುಕಿ ಹಲ್ಲಿಲ್ಲದ ಬಾಯಿ ಚಪ್ಪರಿಸಿದ ಹಾಗೆ ಎರಡು ಗುಳ್ಳೆ ಬಿಟ್ಟು ಸುಮ್ಮನಾದಳು. ಮೂರನೇ ಲೋಟ ಮುಗಿಯಿತು. ಸ್ತುರ್ಲಾ ಹಾಡುಗಾರರ ಗುಂಪಿಗೆ ಕಣ್ಸನ್ನೆ ಮಾಡಿದ. ಅವರು ತಮಗೆ ಬರುವ ಹಾಡೆಲ್ಲ ಹಾಡಿದರು, ಬಂದದ್ದನ್ನೇ ಮತ್ತೆ ಹಾಡಿದರು, ಕೊನೆಗೆ ಜೂನ್ ತಿಂಗಳಲ್ಲಿ ಕ್ರಿಸ್‌ಮಸ್ ಹಾಡುಗಳಿಗೂ ಕೈ ಹಾಕಿದರು. ಹಿಂದಿನ ಸಾಲಿನಲ್ಲಿ ಹಾಲ್ಬೆರಾ ಎಲ್ಲವನ್ನೂ ಶ್ರುತಿ ತಪ್ಪದೆ ಹಾಡಿದಳು.

ಮಂತ್ರಿ ಗಡಿಯಾರ ನೋಡಿದಾಗ ಸ್ತುರ್ಲಾನಿಗೆ ಪ್ರೊಫೆಸರ್ ನೆನಪಾದ.

"ಸೇತುವೆ! ಎಲ್ರೂ ಗಾಡಿ ತೆಗೀರಿ! ಸೇತುವೆ ಮೇಲೆ ಓಡಿಸಿ!"

ಹನ್ನೆರಡು ಜೀಪು, ಮೂರು ಟ್ರಾಕ್ಟರು, ಪಾದ್ರಿಯ ಪುಟ್ಟ ಕಾರು ಸೇತುವೆಯ ಮೇಲೆ ಹೋಗಿ ಬಂದು ಹೋಗಿ ಬಂದು ಮಾಡಿದವು. ಎದುರುಬದುರಾಗಿ ಸಿಕ್ಕಿಕೊಂಡು ಹಾರ್ನ್ ಹೊಡೆದವು. ಮಂತ್ರಿಯ ಗಾಡಿಯನ್ನೂ ಮುಲಾಜಿಲ್ಲದೆ ಕಳಿಸಿಕೊಟ್ಟರು.

"ಸೇತುವೆ ಬೀಳುತ್ತೆ, ಮುದುಕಿ ಏಳಲ್ಲ," ಎಂದಳು ಓದ್ನಿ, ಹಾಲ್ಬೆರಾಳ ಕಿವಿಯ ಹತ್ತಿರ. "ಏನೇ, ಪರದೆ ಒಗೆದೆಯಾ?"

ಹಾಲ್ಬೆರಾ ಅವಳ ಕಾಲು ತುಳಿದಳು.

ಪ್ರಕೃತಿ ನಮ್ಮ ಅಪ್ಪಣೆ ಕಾಯುವುದಿಲ್ಲ, ಅದೇ ಅದರ ಸೊಬಗು ಎಂದು ಹೇಳಿ ಮಂತ್ರಿ ಒದ್ದೆ ರಿಬ್ಬನ್ನು ಕತ್ತರಿಸಿ ಹೊರಟಳು. ಮುದುಕಿ ಉಗುಳುತ್ತಾಳೋ ಇಲ್ಲವೋ ಪರೀಕ್ಷಿಸಲು ಪರಿಣತರನ್ನು ಕಳಿಸುತ್ತೇನೆ, ಇಲ್ಲವಾದರೆ ರಸ್ತೆಯ ಫಲಕ ವಾಪಸ್ ಎಂದೂ ಹೇಳಿದಳು. ಸ್ತುರ್ಲಾ ಆ ಕುಣಿಕೆಯ ಫಲಕದ ಕಂಬಕ್ಕೆ ಒರಗಿಕೊಂಡು ಬಹಳ ಹೊತ್ತು ನಿಂತಿದ್ದ.

ಪರೀಕ್ಷಿಸಲು ರಾಜಧಾನಿಯಿಂದ ಬಂದವಳು ಗೆಯಿರ್‌ಲಾಯ್ಗ್ ಎಂಬ ಹುಡುಗಿ, ನೆಲದ ಶಾಸ್ತ್ರ ಓದಿದವಳು. ನಾಲ್ಕು ದಿನ ಬುಗ್ಗೆಯೊಳಗೆ ಕೊಳವೆ ಇಳಿಸಿದಳು, ಗೋಡೆ ಕೆರೆದಳು, ಸೀಸೆ ತುಂಬಿದಳು. ಐದನೇ ದಿನ ಹಾಲ್ಬೆರಾಳ ಅಡುಗೆಮನೆಯಲ್ಲಿ ಸಭೆ. ಡೇರೆಯ ಕಾಫಿ ಯಾರಿಗೂ ಹಿಡಿಸಿರಲಿಲ್ಲ. ಸ್ತುರ್ಲಾ ಇದ್ದ, ಪಂಚಾಯಿತಿಯ ಇನ್ನಿಬ್ಬರು ಇದ್ದರು, ನಡಾವಳಿ ಬರೆಯಲು ಓದ್ನಿ ಇದ್ದಳು. ಆ ಕೆಲಸ ಇಪ್ಪತ್ತು ವರ್ಷದಿಂದ ಅವಳದೇ.

ಹಾಲ್ಬೆರಾ ಮೊದಲು ಕೇಳಬೇಕಾದ್ದನ್ನು ಕೇಳಿದಳು. "ಯಾರ ಕಡೆಯವಳಮ್ಮ ನೀನು?"

ಹುಡುಗಿ ಅಜ್ಜಿಯ ಹೆಸರು ಹೇಳಿದಳು, ಪೂರ್ವದ ಕಡಲಕೊಲ್ಲಿಯ ಊರು ಹೇಳಿದಳು.

"ಅಯ್ಯೋ, ಅವಳು ಒಂದು ಬೇಸಿಗೆ ಇಲ್ಲೇ ಹುಲ್ಲು ಕೊಯ್ಲಿಗೆ ಬಂದಿದ್ಳು! ನನಗಿಂತ ಎರಡು ವರ್ಷ ದೊಡ್ಡವಳು. ಒಂದು ರೊಟ್ಟಿ ಪೂರ್ತಿ ಒಬ್ಳೇ ತಿಂದಿದ್ಳು."

"ಅಜ್ಜಿ ಸಾಯೋವರೆಗೂ ಆ ರೊಟ್ಟಿ ಮಾತೇ ಆಡ್ತಿದ್ರು," ಎಂದಳು ಹುಡುಗಿ. "ಇವತ್ತು ಇಲ್ವಾ?"

"ಇದೆ. ಬೇಲಿಯೊಳಗಿದೆ."

ಸ್ತುರ್ಲಾ ಕೆಮ್ಮಿದ. "ವಿಷಯಕ್ಕೆ ಬರೋಣ. ಮುದುಕಿಗೆ ಏನಾಗಿದೆ?"

ಗೆಯಿರ್‌ಲಾಯ್ಗ್ ಕಾಗದ ತೆಗೆದಳು. "ಸೋಪಾಗಿದೆ. ಬುಗ್ಗೆ ಗೋಡೆ ಮೇಲೆ ಪದರ ಪದರವಾಗಿ ಸೋಪಿನ ಜಿಡ್ಡು ಕೂತಿದೆ. ಅರವತ್ತು ವರ್ಷದ್ದು ಅಂತ ನನ್ನ ಲೆಕ್ಕ. ಸೋಪು ಹಾಕಿದ್ರೆ ಹಬೆ ಕಟ್ಟಿಕೊಂಡು ಇಂಥ ಬುಗ್ಗೆ ಚಿಮ್ಮುತ್ತೆ. ಬೇಲಿ ಹಾಕಿದ್ಮೇಲೆ ಸೋಪು ನಿಂತಿದೆ."

ಸ್ತುರ್ಲಾನ ಬಾಯೊಳಗಿನ ಸಕ್ಕರೆ ಉಂಡೆ ಜಾರಿ ಮೇಜಿನ ಮೇಲೆ ಬಿತ್ತು.

"ನಾನು ಕೇಳಲೇಬೇಕು," ಎಂದಳು ಹುಡುಗಿ. "ಸೋಪು ಹಾಕಿದ್ದು ಯಾರು?"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಭಾಷೆಯಲ್ಲಿ ಯಾರು ಎಂದು ಕೇಳುವುದಕ್ಕೆ "ಕ್ವೆರ್" ಎನ್ನುತ್ತೇವೆ. ಬಿಸಿನೀರಿನ ಬುಗ್ಗೆಗೂ "ಕ್ವೆರ್" ಎಂದೇ ಹೇಳುವುದು. ಮಾತು ಕಲಿಯುವ ಮಗು ಕೂಡ ತಪ್ಪು ತಿಳಿಯುವುದಿಲ್ಲ, ಏಕೆಂದರೆ ಕೇಳುವಾಗ ದನಿಯೇ ಬೇರೆ. ಹುಡುಗಿ ಕೇಳಿದ್ದು "ಕ್ವೆರ್?" ಎಂದು.

ಹಾಲ್ಬೆರಾ ಕಾಫಿ ಬಗ್ಗಿಸುತ್ತಿದ್ದಳು. ತಲೆಯೆತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ಕ್ವೆರ್," ಎಂದಳು.

ಅವಳು ಪ್ರಶ್ನೆಯನ್ನೇ ಮರಳಿಸಿದಳೋ, ಬುಗ್ಗೆಯೇ ಹಾಕಿಕೊಂಡಿತು ಎಂದಳೋ, ಆ ದನಿಯಿಂದ ಹೇಳಲು ದೇವರಿಗೂ ಸಾಧ್ಯವಿರಲಿಲ್ಲ. ಓದ್ನಿ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡಳು. ಬರೆದು, ಕೆಳಗೆ ಗೆರೆ ಎಳೆದು, ಗಟ್ಟಿಯಾಗಿ ಓದಿದಳು: "ಪ್ರಶ್ನೆ, ಸೋಪು ಹಾಕಿದ್ದು ಯಾರು. ಉತ್ತರ, ಬುಗ್ಗೆ. ಯಾರದಾದರೂ ಆಕ್ಷೇಪಣೆ ಇದೆಯೇ? ಇಲ್ಲ. ಮುಂದಿನ ವಿಷಯ."

ಗೆಯಿರ್‌ಲಾಯ್ಗ್ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟ ಎರಡು ಥರದ ಡಬ್ಬಿಗಳನ್ನು ನೋಡಿದಳು. ಪರದೆಯನ್ನು ನೋಡಿದಳು. ಗೋಡೆಯ ಮೇಲಿನ ಬಿಷಪ್ಪನನ್ನೂ ನೋಡಿದಳು. ಅವಳ ತುಟಿ ಒಂದಿಷ್ಟು ಅದುರಿತು, ಆದರೆ ನಗಲಿಲ್ಲ. ಅವಳ ವರದಿಯ ಕೊನೆಯ ಸಾಲು ಹೀಗಿತ್ತು: ಈ ಬಿಸಿ ನೆಲದಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ರೊಟ್ಟಿ ಬೇಯಿಸುವ ಪದ್ಧತಿಯು ಬುಗ್ಗೆಯ ವರ್ತನೆಗೆ ಅತ್ಯಗತ್ಯವೆಂದು ಕಂಡುಬರುವುದರಿಂದ, ಅದು ಯಾವ ಬದಲಾವಣೆಯೂ ಇಲ್ಲದೆ ಮುಂದುವರಿಯತಕ್ಕದ್ದು.

ಎಲ್ಲರೂ ಹೋದ ಮೇಲೆ ಸ್ತುರ್ಲಾ ಒಬ್ಬನೇ ಉಳಿದ.

"ದೊಡ್ಡಮ್ಮ... ಅಜ್ಜನೂ?"

"ಹೂಂ."

"ಬಿಷಪ್ಪನಿಗೂ?"

"ಬಿಷಪ್ಪನಿಗೇ ಮೊದಲು."

ಅವನು ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. "ತಗೋ. ಯಾವತ್ತಿಂದ ಶುರು ಮಾಡ್ತೀಯಾ?"

"ರೊಟ್ಟಿ ಇವತ್ತೇ. ಸೋಪು ನೀನು ಹಾಕ್ತೀಯ."

"ನಾನಾ? ನಾನು ಅಧ್ಯಕ್ಷ, ದೊಡ್ಡಮ್ಮ!"

"ಅದಕ್ಕೇ. ನನ್ನ ಮೊಣಕಾಲು ಸಾಕು ಅಂತಿದೆ. ಫಲಕ ಬೇಕಾದವರು ಬಕೆಟ್ಟು ಹೊರಲಿ. ಮೊದಲು ಗುದ್ದಲಿ ತಗೊಂಡು ಬಾ, ನನ್ನ ಡಬ್ಬಿ ಒಳಗೇ ಇದೆ."

ಒಂದು ದಿನ ಬೇಯಬೇಕಿದ್ದ ರೊಟ್ಟಿ ಮೂರು ವಾರ ಬೆಂದು ಕಲ್ಲಿದ್ದಲಾಗಿತ್ತು. ಹಾಲ್ಬೆರಾ ಅದನ್ನು ಬಿಸಾಡಲಿಲ್ಲ, ಸ್ತುರ್ಲಾನಿಗೇ ಕೊಟ್ಟಳು. ಪಂಚಾಯಿತಿ ಕಚೇರಿಯಲ್ಲಿ ಕಾಗದ ಹಾರದಂತೆ ಇಡಲು ಅದು ಇವತ್ತಿಗೂ ಬಳಕೆಯಲ್ಲಿದೆ.

ಆ ಬೇಸಿಗೆ ಬಸ್ಸುಗಳು ಸಾಲುಗಟ್ಟಿದವು. ಬಣ್ಣಬಣ್ಣದ ಜಾಕೆಟ್ಟಿನವರು ಇಳಿದು, ಫೋನು ಎತ್ತಿ ಹಿಡಿದು, ಗಾಳಿಗೆ ತೂರಾಡಿ, ಮುದುಕಿ ಉಗುಳಿದ ಕೂಡಲೇ ಅವಳಿಗೆ ಬೆನ್ನು ತಿರುಗಿಸಿ ತಮ್ಮ ಮುಖದ ಚಿತ್ರ ತೆಗೆದುಕೊಂಡು ಮೂಗಿನ ಬಂಡೆಯ ಕಡೆ ಹೊರಟುಹೋಗುತ್ತಿದ್ದರು. ಸ್ತುರ್ಲಾ ದಿನಕ್ಕೆ ಮೂರು ಸಲ ಕೋಟಿನ ಒಳಗೆ ಡಬ್ಬಿ ಬಚ್ಚಿಟ್ಟುಕೊಂಡು ಬಂದು, ಹಾಲ್ಬೆರಾಳಿಂದ ಬೀಗದ ಕೈ ಇಸಿದುಕೊಂಡು ಒಳಗೆ ಹೋಗಿಬರುತ್ತಿದ್ದ. ಹತ್ತಿರ ನಿಂತರೆ ಅವನಿಂದ ಒಗೆದ ಬಟ್ಟೆಯ ವಾಸನೆ ಬರುತ್ತಿತ್ತು. ಅವನಷ್ಟು ಶುಭ್ರ ರಾಜಕಾರಣಿ ಈ ದ್ವೀಪದಲ್ಲಿ ಇನ್ನೊಬ್ಬನಿರಲಿಲ್ಲ. ಕೈ ಸೋಕದ ಪ್ರಕೃತಿಯ ಫಲಕ ಬೇಲಿಯ ಮೇಲೆ ಹಾಗೇ ಇತ್ತು.

ಸೆಪ್ಟೆಂಬರ್ ಮೊದಲ ವಾರಕ್ಕೆ ಬಸ್ಸು ನಿಂತಿತು. ಬಸ್ಸು ನಿಂತ ದಿನವೇ ಸ್ತುರ್ಲಾನೂ ನಿಂತ. ಚಳಿಗಾಲದ ವಾರಕ್ಕೊಂದು ಸಲದ ಕೆಲಸ ಅವನಿಗೆ ಯಾರೂ ಹೇಳಿರಲಿಲ್ಲ. ಹಾಲ್ಬೆರಾ ಹೇಳೋಣವೆಂದುಕೊಂಡಳು, ಕುರಿ ಇಳಿಸುವ ಗದ್ದಲದಲ್ಲಿ ಮರೆತಳು, ಆಮೇಲೆ ನೆನಪಾದರೂ ತನ್ನ ಕೆಲಸವಲ್ಲವೆಂದು ಬಿಟ್ಟಳು.

ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ರೊಟ್ಟಿ ತೆಗೆಯಲು ಹೋದಳು. ಗೇಟು ತೆಗೆದು, ಒಳಗಿನಿಂದ ಬೀಗ ಹಾಕಿಕೊಂಡು, ಮಂಡಿಯೂರಿ ಅಜ್ಜಿಯ ಕಲ್ಲು ಸರಿಸಿದಳು. ಡಬ್ಬಿ ಹೊರಗೆ ಬಂತು. ಆಗ ಅಂಗೈ ಕೆಳಗೆ ನೆಲ ಮೆಲ್ಲಗೆ ಮಿಡಿಯಿತು. ಬುಗ್ಗೆಯ ನೀರು ಗುಮ್ಮಟದ ಹಾಗೆ ಉಬ್ಬಿತು, ನೀಲಿ, ಗಾಜಿನಷ್ಟು ತಿಳಿ. ಅದು ಒಡೆದು ಮೇಲಕ್ಕೇರಿದ್ದನ್ನು ನೋಡಲು ಅವಳು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕಾಯಿತು. ಅರವತ್ತು ವರ್ಷದಲ್ಲಿ ಅಷ್ಟೆತ್ತರ ಏರಿದ್ದಿಲ್ಲ. ಕುರಿಗಳೆಲ್ಲ ಬೆಚ್ಚಿ ಓಡಿದವು.

"ಕ್ವೆರ್?" ಎಂದು ಕೂಗಿದಳು ಅವಳು, ಸಿಟ್ಟಿನಿಂದ. ಯಾರದು? ಯಾರಿಗಂತ ಸೋಪು ದಂಡ ಮಾಡ್ತಿದೀರಿ?

ಯಾರೂ ಇರಲಿಲ್ಲ. ಸ್ತುರ್ಲಾ ಮೂರು ದಿನದಿಂದ ರಾಜಧಾನಿಯಲ್ಲಿದ್ದ, ಕಲುಷಿತವಾಗದ ನಿಸರ್ಗದ ಬಗ್ಗೆ ಭಾಷಣ ಮಾಡಲು ಹೋಗಿದ್ದ. ಬೀಗದ ಕೈ ಅವಳ ಏಪ್ರನ್ ಜೇಬಿನಲ್ಲೇ ಇತ್ತು. ಗಾಳಿ ಕುದಿನೀರನ್ನು ಆಚೆ ಹೊತ್ತೊಯ್ಯುತ್ತಿತ್ತು; ಮುಖದ ಮೇಲೆ ಬಿದ್ದ ತಣಿದ ಹನಿಗಳನ್ನು ಅವಳು ಮೂಸಿದಳು. ಸೋಪಿನ ವಾಸನೆಯಿಲ್ಲ, ನೊರೆಯಿಲ್ಲ, ಗಂಧಕದ ಹಳೇ ವಾಸನೆ ಮಾತ್ರ, ತಾನು ಚಿಕ್ಕವಳಿದ್ದಾಗಿನದ್ದು. ಆಗ ಅವಳು ಬೆರಳು ಮಡಿಸಿ ಎಣಿಸಿದಳು. ಕೊನೆಯ ಬಸ್ಸು ಹೋಗಿ ಏಳು ವಾರ. ಅಪ್ಪ ಕಾದದ್ದು ಒಂದು ತಿಂಗಳು. ಅಷ್ಟರಲ್ಲಿ ಅಮ್ಮನ ಸೋಪು ಜಾರಿತ್ತು, ಬಿಷಪ್ಪರೂ ಬರುವವರಿದ್ದರು.

ಮುದುಕಿ ಸತ್ತೇ ಇರಲಿಲ್ಲ. ನೆಲ ನಡುಗಿದ ಮೇಲೆ ಅವಳಿಗೆ ಸ್ವಲ್ಪ ನಿಧಾನವಾಗಿತ್ತು, ಅಷ್ಟೇ. ಅವಳು ಉಸಿರು ಕೂಡಿಸಿಕೊಳ್ಳುವ ಮೊದಲೇ ವಾರವಾರವೂ ಅವಳ ಬಾಯಿಗೆ ಸೋಪು ತುರುಕಿದ್ದು ಇದೇ ಕೈ. ಹಾಲ್ಬೆರಾಳಿಗೆ ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆ. ಅದರ ಬೆನ್ನಿಗೇ ಎಂಥದೋ ಖುಷಿಯೂ ಬಂತು. ರೊಟ್ಟಿಯ ಡಬ್ಬಿ ತಬ್ಬಿಕೊಂಡು ಒದ್ದೆ ನೆಲದಲ್ಲಿ ಕೂತು ಅತ್ತಳು, ಹಾಗೇ ನಕ್ಕಳು. ಅರ್ಧ ಗಂಟೆ ಮುದುಕಿ ಉಗುಳಿದಳು, ನೋಡಲು ಇದ್ದವಳು ಅವಳೊಬ್ಬಳೇ.

ಎರಡು ದಿನ ಬಿಟ್ಟು ಸ್ತುರ್ಲಾ ಪಿಕಪ್ಪಿನಲ್ಲಿ ಬಂದ. ಮುಂದಿನ ಬೇಸಿಗೆಗೆಂದು ಹಸಿರು ಸೋಪಿನ ದೊಡ್ಡ ಪೀಪಾಯಿಗಳನ್ನೇ ತಂದು ಕುರಿಹಟ್ಟಿಯಲ್ಲಿ ಇಳಿಸಿದ. ಹಾಲ್ಬೆರಾ ಬಾಗಿಲಲ್ಲಿ ನಿಂತು ಪೀಪಾಯಿಗಳನ್ನು ನೋಡಿದಳು.

"ಸ್ತುರ್ಲಾ, ನಿನ್ನ ಬಸ್ಸಿನವರು ಏಳು ವಾರ ಕಾಯ್ತಾರೇನೋ?"

"ಏಳು ವಾರಾನಾ? ಏಳು ನಿಮಿಷ ಕಾದ್ರೆ ಹೆಚ್ಚು. ಯಾಕೆ ದೊಡ್ಡಮ್ಮ?"

"ಏನಿಲ್ಲ, ಹಂಗೇ ಕೇಳಿದೆ. ಒಳಗೆ ಬಾ, ಮೊನ್ನೆಯ ರೊಟ್ಟಿ ಉಳಿದಿದೆ. ಸ್ವಲ್ಪ ಒದ್ದೆಯಾಗಿದೆ."